ದುರ್ಗಂಧೋಚ್ಚಾಟನ ಮೀಮಾಂಸೆ

ಗಂಧ ಎಂಬುದು ಪೃಥ್ವಿಯ ಗುಣ, ಅದರಲ್ಲಿ ಸುರಭಿ, ಅಸುರಭಿ ಎಂದು ಎರಡೇ ಬಗೆ ಎಂದು ಹೇಳಿ ‘ತರ್ಕಸಂಗ್ರಹ’ದ ಅನ್ನಂಭಟ್ಟ ಮುಂದಿನ ವಿಷಯಕ್ಕೆ ಹೊರಟುಬಿಟ್ಟ. ಎರಡನೆಯ ಬಗೆಯದು ಬಚ್ಚಲಿನ ಜಾಲರಿಯಿಂದ ಮೇಲೆದ್ದು ನಡುಮನೆಗೆ ಬಂದರೆ ಗೃಹಸ್ಥನು ಏನು ಮಾಡಬೇಕು? ಪ್ರಸ್ತುತ ಪ್ರಬಂಧದ ಜಿಜ್ಞಾಸೆ ಇಷ್ಟೇ.

ಪೂರ್ವಾಚಾರ್ಯರ ಒಲವೆಲ್ಲ ಸುರಭಿಯ ಕಡೆಗೆ. ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿ, ಪ್ರಮಾಣ ಬದಲಿಸುತ್ತ ಹೋಗಿ 1,74,720 ಸುಗಂಧಗಳ ಲೆಕ್ಕ ಕೊಟ್ಟ. ಕನ್ನಡದ ಚಾವುಂಡರಾಯನು 1025ರ ‘ಲೋಕೋಪಕಾರ’ದಲ್ಲಿ ಅಡುಗೆ, ಗಿಡಮರಗಳ ಜೊತೆಗೆ ಸುಗಂಧಕ್ಕೂ ಜಾಗ ಮಾಡಿದ. ಕಲ್ಯಾಣದ ಮೂರನೆಯ ಸೋಮೇಶ್ವರನಂತೂ ‘ಮಾನಸೋಲ್ಲಾಸ’ದಲ್ಲಿ ಧೂಪವನ್ನು ರಾಜಭೋಗಗಳ ಸಾಲಿಗೇ ಸೇರಿಸಿದ. ಆಷಾಢದಲ್ಲಿ ಒಣಗದ ಧೋತರದ ಗತಿಯೇನು ಎಂದು ಅರಸನನ್ನು ಕೇಳುವ ಧೈರ್ಯ ಯಾರಿಗಿತ್ತು?

ಈ ಪರಂಪರೆಯಿಂದ ಹುಟ್ಟಿದ್ದೇ ಆಚ್ಛಾದನವಾದ. ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸಿದರೆ ಮೊದಲನೆಯದು ಸತ್ತಂತೆ ಎಂಬುದು ಇದರ ಸಿದ್ಧಾಂತ. ಇದರ ಅನುಯಾಯಿಗಳು ಮನೆಮನೆಯಲ್ಲೂ ಇದ್ದಾರೆ, ಪೂಜಾಸಾಮಗ್ರಿ 2005ರಲ್ಲಿ ಭೌಗೋಳಿಕ ಸೂಚಕ ಪಡೆದ ಮೈಸೂರು ಅಗರಬತ್ತಿ. ಪ್ರಯೋಗ ಹೀಗಿದೆ: ಮಧ್ಯಾಹ್ನ ಬಂಗುಡೆ ಹುರಿಯುವುದು, ಸಂಜೆ ಬೀಗರು ಬರುವ ಹೊತ್ತಿಗೆ ಮೂರು ಕಡ್ಡಿ ಹಚ್ಚುವುದು. ಫಲ: ಶ್ರೀಗಂಧದಲ್ಲಿ ಹುರಿದ ಬಂಗುಡೆ.

ವಾದ ಸೋತದ್ದು ಗೊತ್ತಾಗುವುದೂ ಕಷ್ಟ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ವರದಿ ಮಾಡುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಮನೆಯವರ ಪ್ರತ್ಯಕ್ಷ ಅಪ್ರಮಾಣ. ಅತಿಥಿಯನ್ನು ಕೇಳಿದರೆ “ಛೇ ಛೇ, ಏನೂ ಇಲ್ಲವಲ್ಲ” ಎನ್ನುತ್ತಾರೆ, ದಾಕ್ಷಿಣ್ಯದಿಂದ ಶಬ್ದಪ್ರಮಾಣವೂ ಹೋಯಿತು. ಉಳಿದದ್ದು ಅನುಮಾನ: ಕಾಫಿ ಲೋಟ ಹಿಡಿದು ಅವರು ಎಷ್ಟು ಬೇಗ ಜಗಲಿಗೆ ಹೋದರು ಎಂಬುದು.

ಕರಾವಳಿಯ ಆಮ್ಲವಾದ ಇದಕ್ಕಿಂತ ಗಟ್ಟಿ. ಮೀನಿನ ನಾತಕ್ಕೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್ ಎಂಬ ಕ್ಷಾರ. ಹುಳಿ ತಾಗಿದರೆ ಅದು ಲವಣವಾಗಿ, ಗಾಳಿಗೆ ಹಾರುವ ಚಾಳಿ ಬಿಟ್ಟು ಬಾಣಲೆಯಲ್ಲೇ ಕೂರುತ್ತದೆ. ಮೀನು ಹಚ್ಚಿದ ಕೈಗೆ ಲಿಂಬೆ ಉಜ್ಜಿಕೊಂಡು, ಸಾರಿಗೆ ಹುಣಸೆಯನ್ನೋ ಪುನರ್ಪುಳಿಯನ್ನೋ ಹಾಕಿದ ಅಮ್ಮಂದಿರು ಭಾಷ್ಯ ಬರೆಯಲಿಲ್ಲ. ಹಾಗಾಗಿ ಅವರನ್ನು ಆಚಾರ್ಯರೆಂದು ಯಾರೂ ಕರೆಯಲಿಲ್ಲ.

ಘಟ್ಟ ಹತ್ತಿದರೆ ಸಮಸ್ಯೆಯೇ ಬೇರೆ. ಮಳೆಗಾಲದ ಬಟ್ಟೆಯ ಮುಗ್ಗಲು ವಾಸನೆ ಸೂಕ್ಷ್ಮಜೀವಿಗಳ ಕೆಲಸ, ಬಟ್ಟೆ ಒಣಗಲು ತಡವಾದಷ್ಟೂ ಅವುಗಳ ಸಂಸಾರ ಬೆಳೆಯುತ್ತದೆ. ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ಒಣಗಿಸಿದರೆ ಮುಗ್ಗಲು ಹೋಗಿ ಹೊಗೆ ಬರುತ್ತದೆ. ಅದನ್ನು ಸುರಭಿ ಎಂದೇ ಪರಿಗಣಿಸತಕ್ಕದ್ದೆಂದು ಮಲೆನಾಡಿನ ಸಂಪ್ರದಾಯ.

ಇನ್ನು ಬಚ್ಚಲು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್, ಬಾಗಿದ ಕೊಳವೆಯಲ್ಲಿ ಸದಾ ಒಂದಿಷ್ಟು ನೀರು ನಿಲ್ಲುವಂಥ ಶೌಚಾಲಯಕ್ಕೆ ಪೇಟೆಂಟ್ ಪಡೆದ. ಮೋರಿಯ ಗಾಳಿಗೆ ಆ ನೀರೇ ಬಾಗಿಲು. ಬೇಸಿಗೆ ರಜೆಗೆಂದು ಮನೆಮಂದಿಯೆಲ್ಲ ಅಜ್ಜಿಮನೆಗೆ ಹೋದಾಗ ನೀರು ಆರಿ ಬಾಗಿಲು ತೆರೆದುಕೊಳ್ಳುತ್ತದೆ. ಮರಳಿ ಬಂದವರು ಇಲಿ ಸತ್ತಿದೆ ಎಂದು ಬೀರು ಸರಿಸುತ್ತಾರೆ, ಪಕ್ಕದ ಮನೆಯವರನ್ನು ಶಂಕಿಸುತ್ತಾರೆ, ಕೊನೆಗೆ ಫಿನಾಯಿಲ್ ತರಲು ಓಡುತ್ತಾರೆ. ವಿಧಿ ಇಷ್ಟೆ: ಒಂದು ಚೊಂಬು ನೀರು ಹುಯ್ಯುವುದು. ಇದು ತೀರಾ ಅಗ್ಗವಾದ್ದರಿಂದ ವಿದ್ವಾಂಸರಿಗೆ ಒಪ್ಪಿಗೆಯಾಗುವುದಿಲ್ಲ. ಅದೇ ಲಂಡನ್ 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದಾಗ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿತ್ತು, ಆಚ್ಛಾದನವಾದದ ರಾಜಸೂಯವೇ ಸರಿ! ಅದು ಫಲಿಸದೆ, ಜೋಸೆಫ್ ಬಜಲ್ಗೆಟ್ ಕೈಯಲ್ಲಿ ನೆಲದಡಿ ಒಳಚರಂಡಿ ಕಟ್ಟಿಸಬೇಕಾಯಿತು.

ಉಚ್ಚಾಟನೆಗೆ ಒಂದೇ ಅಪವಾದ ಅಡುಗೆ ಅನಿಲ. ಅದಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದರೆ ತಿಳಿಯಲೆಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ಗಂಧವನ್ನು ಬೇಕೆಂದೇ ಬೆರೆಸುತ್ತಾರೆ. 1937ರಲ್ಲಿ ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ, ಸ್ಫೋಟಿಸಿ ಮಕ್ಕಳು ಸತ್ತ ಮೇಲೆ ಅಲ್ಲಿ ಇಂಥ ಬೆರಕೆ ಕಡ್ಡಾಯವಾಯಿತು. ಈ ಅಸುರಭಿ ಮೂಗಿಗೆ ಬಿದ್ದಾಗ ಕರ್ತವ್ಯ: ರೆಗ್ಯುಲೇಟರ್ ಬಂದ್ ಮಾಡುವುದು, ಕಿಟಕಿ ಬಾಗಿಲು ತೆರೆಯುವುದು, ಸ್ವಿಚ್ ಮುಟ್ಟದಿರುವುದು. ಅಗರಬತ್ತಿ ಸರ್ವಥಾ ನಿಷಿದ್ಧ, ಬೀಗರು ಗೇಟಿನ ಹತ್ತಿರ ಬಂದಿದ್ದರೂ ಸರಿಯೇ.