ಹದಿನೆಂಟಡಿ ಹಿತ್ತಾಳೆ

“ಅಲ್ಲಾ ಸ್ವಾಮಿ, ಒಂದು ಊದೋ ಪದಾರ್ಥಕ್ಕೆ ಹತ್ತು ಸಾವಿರ ಡಾಲರ್ ಅಂದ್ರೆ! ಪಿಟೀಲು ಕಲೀ ಅಂತ ಬಡ್ಕೊಂಡೆ. ಕಂಕುಳಲ್ಲಿ ಇಟ್ಕೊಂಡು ಓಡಾಡಬಹುದಿತ್ತು.”

ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದ ರಾಯರು ಪೈಪನ್ನು ಅಲ್ಲೇ ಎಸೆದು ಬೇಲಿಗೆ ಬಂದರು. ಶಿಕಾಗೊ ಹೊರವಲಯದಲ್ಲಿ ಬೇಲಿಗೆ ಮೊಣಕೈ ಊರಿ ಕನ್ನಡದಲ್ಲಿ ಹರಟುವ ಪುಣ್ಯ ನಮ್ಮಿಬ್ಬರದು. ಅವರ ಮಗಳು ಕಾಲೇಜಿನಲ್ಲಿ ಸಂಗೀತ ಪದವಿ ಓದುತ್ತಿದ್ದಾಳೆ, ವಾದ್ಯ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಊದುವಾದ್ಯ. ಹೈಸ್ಕೂಲಿನಲ್ಲಿ ಶಾಲೆಯದೇ ವಾದ್ಯ ಊದಿ ಮುಗಿಸಿದಳು. ಈಗ ಮೇಷ್ಟ್ರು ಸ್ವಂತದ್ದು ತಗೊಳಮ್ಮ ಎಂದಿದ್ದಾರೆ. ನನ್ನ ಮಗನೂ ಅದನ್ನೇ ಊದಿದವನಾದ್ದರಿಂದ ರಾಯರ ಕಣ್ಣಿಗೆ ನಾನೊಬ್ಬ ಪಂಡಿತ.

“ಅದೂ ಶಾಲೇಲಿ ಊದಿದ್ದಲ್ಲವಂತೆ, ಬೇರೆಯದಂತೆ.”

ಬೇರೆಯದೇ. ಅಮೆರಿಕದ ಶಾಲಾ ಬ್ಯಾಂಡುಗಳಲ್ಲಿ ಇರುವುದು ಬಿ-ಫ್ಲಾಟ್ ಶ್ರುತಿಯದು. ಸುರುಳಿ ಬಿಚ್ಚಿ ಎಳೆದರೆ ಸುಮಾರು 18 ಅಡಿ ಕೊಳವೆ. ಸಿಂಫನಿ ಆರ್ಕೆಸ್ಟ್ರಾ ಸೇರುವ ಆಸೆ ಇದ್ದವರು ಇಲ್ಲಿ ಸಿ ಶ್ರುತಿಯದಕ್ಕೆ ಹೋಗುತ್ತಾರೆ, ಅದು 16 ಅಡಿ. ಬೆರಳು ಒತ್ತುವ ಲೆಕ್ಕವನ್ನೆಲ್ಲ ಮೊದಲಿಂದ ಕಲಿಯಬೇಕು. ಜರ್ಮನಿಯ ಆರ್ಕೆಸ್ಟ್ರಾದವರು ಇವತ್ತಿಗೂ ಬಿ-ಫ್ಲಾಟ್ ಹಿಡಿದೇ ಕೂರುತ್ತಾರೆ. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಇವೆರಡೂ ಅಲ್ಲ, ಎಫ್!

ರಾಯರು ಇದೆಲ್ಲ ಕೇಳಿ, “ಎರಡಡಿ ಕಮ್ಮಿ ಆದ್ರೆ ದುಡ್ಡೂ ಕಮ್ಮಿ ಆಗ್ಬೇಕಲ್ಲ?” ಎಂದರು. ಆಗುವುದಿಲ್ಲ ರಾಯರೇ.

ಇನ್ನು ಗಾತ್ರ. 3/4, 4/4, 5/4, 6/4 ಎಂದು ಹೇಳುತ್ತಾರೆ. ನಂಬಬೇಡಿ. ಬನಿಯನ್ ಸೈಜಿನ ಹಾಗೆ, ಒಂದು ಕಂಪನಿಯ 4/4 ಇನ್ನೊಂದರ 5/4. ಹುಡುಗರಿಗೆ ಮಾತ್ರ 6/4 ಮೇಲೇ ಕಣ್ಣು. ಅದಕ್ಕೆ ಕಾರಣ ನಮ್ಮ ಶಿಕಾಗೊದಲ್ಲೇ ಇದೆ.

ಆರ್ನಲ್ಡ್ ಜೇಕಬ್ಸ್ ಎಂಬ ಮಹಾನುಭಾವ 1944ರಿಂದ 1988ರವರೆಗೆ ಶಿಕಾಗೊ ಸಿಂಫನಿಯ ಟ್ಯೂಬಾ ವಾದಕ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರು ಡೊನಾಟೆಲ್ಲಿ ಬಳಿ ಯಾರ್ಕ್ ಕಂಪನಿಯ ಒಂದು ಭಾರೀ 6/4 ಟ್ಯೂಬಾ ಇತ್ತು. ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ತಯಾರಾದದ್ದು. ಗುರುಗಳ ಹೊಟ್ಟೆ ದೊಡ್ಡದು. ಅಪ್ಪಿ ಹಿಡಿದರೆ ಮೌತ್‌ಪೀಸ್ ತುಟಿಗೆ ಸರಿಯಾಗಿ ಎಟುಕುತ್ತಿರಲಿಲ್ಲ ಎಂಬುದು ಜೇಕಬ್ಸ್ ಹೇಳುತ್ತಿದ್ದ ಕಥೆ. ಶಿಷ್ಯನಿಗೆ 175 ಡಾಲರಿಗೆ ದಾಟಿಸಿದರು, ವಾರಕ್ಕೆ 5 ಡಾಲರ್ ಕಂತು. ಆ ಯಾರ್ಕ್ ಈಗ ಶಿಕಾಗೊ ಸಿಂಫನಿಯ ಆಸ್ತಿ. ಅದನ್ನು ಅಳೆದು ಸುರಿದು ಯಮಾಹಾದವರೂ ಸ್ವಿಟ್ಜರ್ಲೆಂಡಿನ ಹಿರ್ಸ್‌ಬ್ರುನ್ನರ್‌ನವರೂ ಪ್ರತಿ ಮಾಡಿದರು. ಆ ಪ್ರತಿಗಳ ಬೆಲೆ ಕೇಳಿದರೆ ರಾಯರು ಟೊಮೆಟೊ ಪಾತಿಯಲ್ಲೇ ಕುಸಿಯುತ್ತಾರೆ, ಹೇಳಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಟ್ಯೂಬಾಕ್ಕೆ 6/4 ಬೇಡವೇ ಬೇಡ. ಅದಕ್ಕೆ ತುಂಬುವಷ್ಟು ಉಸಿರು ಬೇಕು, ಹಾಸ್ಟೆಲ್ ಕೋಣೆಯಲ್ಲಿ ಜಾಗ ಬೇಕು, ಮೂರನೇ ಮಹಡಿಗೆ ಹೊತ್ತೊಯ್ಯಲು ಬೆನ್ನು ಬೇಕು. 4/4 ಸಾಕು. ಬೆರಳಲ್ಲಿ ಒತ್ತುವ ವಾಲ್ವ್ ಮಾತ್ರ ನಾಲ್ಕು ಇರಲೇಬೇಕು. ಮೂರೇ ಇದ್ದರೆ ಮಂದ್ರದಲ್ಲಿ ಒಂದನೆಯದು, ಮೂರನೆಯದು ಒಟ್ಟಿಗೆ ಒತ್ತಿದ ಸ್ವರ ಏರಿ ಕೂರುತ್ತದೆ, ನಾಲ್ಕನೆಯದು ಆ ತಾಪತ್ರಯ ತಪ್ಪಿಸಿ ಇನ್ನೂ ಕೆಳಕ್ಕೆ ಇಳಿಸುತ್ತದೆ.

“ಹಳೇದು ತಗೊಂಡ್ರೆ?”

ಧಾರಾಳವಾಗಿ! ಜರ್ಮನಿಯ ಮಿರಾಫೋನ್ 186 ಎಂಬ ಮಾದರಿ ದಶಕಗಳಿಂದ ಇಲ್ಲಿನ ಕಾಲೇಜು ಹುಡುಗರ ತೊಡೆಯಿಂದ ತೊಡೆಗೆ ದಾಟುತ್ತಲೇ ಇದೆ. ನೆಗ್ಗು ನೋಡಿ ಹೆದರಬೇಕಿಲ್ಲ, ರಿಪೇರಿಯವನು ಎತ್ತುತ್ತಾನೆ. ಬಾಯಿಯ ಹತ್ತಿರದ ಕೊಳವೆಯಲ್ಲಿ ಕೆಂಪು ಚುಕ್ಕೆ ಕಂಡರೆ ಹುಷಾರು: ಹಿತ್ತಾಳೆಯೊಳಗಿನ ಸತು ತಿಂದುಹೋಗುತ್ತಿದೆ ಎಂದು ಅರ್ಥ. ವಾಲ್ವ್ ಸವೆದಿದೆಯೋ ನೋಡಲು ನನ್ನ ಮಗ ಒಂದು ಉಪಾಯ ಮಾಡುತ್ತಿದ್ದ. ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಸ್ವಲ್ಪ ಹೊರಗೆಳೆದು, ನಾಲ್ಕು ಕ್ಷಣ ಬಿಟ್ಟು ವಾಲ್ವ್ ಒತ್ತುವುದು. ‘ಟಪ್’ ಎಂದರೆ ಗಾಳಿ ಸೋರುತ್ತಿಲ್ಲ. ಸದ್ದಿಲ್ಲದಿದ್ದರೆ ನಮಸ್ಕಾರ ಹೇಳಿ ಹೊರಟುಬಿಡಬೇಕು. ಆಮೇಲೆ ಟ್ಯೂನರ್ ಮುಂದಿಟ್ಟು ಒಂದೊಂದೇ ಸ್ವರ. ಹುಡುಗಿ ಮುಳ್ಳು ನೋಡಬಾರದು, ನೋಡಿದರೆ ತುಟಿ ತಾನೇ ಸರಿಮಾಡಿಬಿಡುತ್ತದೆ. ಮೇಷ್ಟ್ರು ನೋಡಲಿ.

ಚೀನಾದಲ್ಲಿ ತಯಾರಾದವು ಅಗ್ಗ. ಮೊದಲು ಮೂಗು ಮುರಿಯುತ್ತಿದ್ದವರೇ ಈಗ ಕೆಲವನ್ನು ಹೊಗಳುತ್ತಾರೆ. ಊದಿ ನೋಡದೆ ತರಿಸಬಾರದು, ಅಷ್ಟೆ.

“ಹೆಣ್ಣುಮಗು, ಇಷ್ಟು ದುಡ್ಡು ಸುರಿದು ನಾಳೆ ಕೆಲ್ಸ ಸಿಕ್ಕತ್ತಾ?” ಇದು ರಾಯರ ಹೊಟ್ಟೆಯೊಳಗಿನ ನಿಜವಾದ ಸಂಕಟ. 2006ರಲ್ಲಿ ಕ್ಯಾರೋಲ್ ಜಾಂಚ್ ಎಂಬ ಹುಡುಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿರುವಾಗಲೇ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಟ್ಯೂಬಾ ಕುರ್ಚಿ ಗೆದ್ದಳು ಎಂದೆ. ರಾಯರ ಮುಖ ಅರಳಿತು. ಒಂದು ಆರ್ಕೆಸ್ಟ್ರಾಕ್ಕೆ ಆ ಕುರ್ಚಿ ಒಂದೇ, ಕೂತವರು ಜೇಕಬ್ಸ್ ಥರ ನಲವತ್ತು ವರ್ಷ ಏಳುವುದಿಲ್ಲ ಎಂದೂ ಸೇರಿಸಿದೆ. ಅರಳಿದ್ದು ಮುದುಡಿತು. ಮೇಷ್ಟ್ರ ಕೆಲಸ ಇದ್ದೇ ಇದೆಯಲ್ಲ ಎಂದು ಸಮಾಧಾನ ಹೇಳಿದೆ.

“ವಿಮೆ ಮಾಡಿಸಿ ಮತ್ತೆ,” ಎಂದೆ.

“ಇದನ್ಯಾರ‍್ರೀ ಕದೀತಾರೆ? ಹೊತ್ಕೊಂಡು ಓಡೋಕಾಗತ್ತಾ?”

ಕದ್ದಿದ್ದಾರೆ. 2011ರ ಹೊತ್ತಿಗೆ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಶಾಲೆಗಳಿಂದ ಸಾಲುಸಾಲಾಗಿ ಟ್ಯೂಬಾ ಕಳುವಾದವು. ಮೆಕ್ಸಿಕನ್ ಬಾಂಡಾ ಸಂಗೀತದಲ್ಲಿ ಅದಕ್ಕೆ ಭಾರೀ ಬೇಡಿಕೆ ಎಂದು ಜನ ಮಾತಾಡಿಕೊಂಡರು.

ರಾಯರು ಗಲ್ಲ ಕೆರೆದುಕೊಂಡರು. “ಹಂಗಾದ್ರೆ ಹಳೇದು ಮಾರಿದ್ರೂ ದುಡ್ಡು ವಾಪಸ್ ಬರತ್ತೆ ಅನ್ನಿ!”