ಕರೀ ಪರದೆಯ ಸಪ್ಲೈಯರ್

ಸಿನಿಮಾದವರು ಕಂಪ್ಯೂಟರ್ ಟರ್ಮಿನಲ್‌ನ ಮಾನ ಕಳೆದಿಟ್ಟಿದ್ದಾರೆ. ಕರೀ ಪರದೆ, ಹಸಿರು ಅಕ್ಷರ, ಎದುರಿಗೊಬ್ಬ ಗಡ್ಡದ ಹುಡುಗ. ಇಷ್ಟು ಕಂಡರೆ ಸಾಕು, ಎಲ್ಲೋ ಒಂದು ಬ್ಯಾಂಕು ಮುಳುಗಿತು ಅಂತಲೇ ಲೆಕ್ಕ. ಹಾಗಾಗಿ ಹಬ್ಬಕ್ಕೆಂದು ಮಾರ್ಕೋನಹಳ್ಳಿಗೆ ಬಂದು, ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತ ನಮ್ಮಣ್ಣನ ಮಗನ ಬೆನ್ನ ಹಿಂದೆ ತಾತ ಬಂದು ನಿಂತು, "ಯಾರ ದುಡ್ಡು ಹೊಡೀತಿದ್ದೀಯ್ಲಾ?" ಅಂದದ್ದರಲ್ಲಿ ತಪ್ಪೇನಿಲ್ಲ.

ಹುಡುಗ ಪಾಸ್‌ವರ್ಡ್ ಒತ್ತುತ್ತಿದ್ದ. ಪರದೆ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ.

"ಕೀಬೋರ್ಡು ಕೆಟ್ಟೋಗದೆ ಕಣ್ಲಾ."

"ಇಲ್ಲ ತಾತ. ಎಷ್ಟಕ್ಷರ ಅಂತ ಹಿಂದೆ ನಿಂತೋರಿಗೆ ಗೊತ್ತಾಗಬಾರದು ನೋಡು, ಅದಕ್ಕೆ ತೋರಿಸಲ್ಲ."

ಹಿಂದೆ ನಿಂತವರು ಒಂದು ಹೆಜ್ಜೆ ಸರಿದರು.

ಇಷ್ಟೆಲ್ಲ ಹೆದರಿಸುವ ಟರ್ಮಿನಲ್‌ಗೆ ಸ್ವಂತ ಬುದ್ಧಿ ಅನ್ನುವುದೇ ಇಲ್ಲ. ಅದು ಹೋಟೆಲಿನ ಸಪ್ಲೈಯರ್. ನೀವು ಹೇಳಿದ್ದನ್ನು ಒಳಗೆ ಕೂಗುತ್ತದೆ, ಒಳಗಿಂದ ಬಂದದ್ದನ್ನು ತಂದು ಟೇಬಲ್ಲಿಗೆ ಇಡುತ್ತದೆ. ಆರ್ಡರ್ ಅರ್ಥ ಮಾಡಿಕೊಳ್ಳುವವನು ಒಳಗಿನ ಶೆಲ್; ಒಲೆ ಉರಿಸುವವನು ಇನ್ನೂ ಒಳಗಿನ ಕರ್ನಲ್. ದೋಸೆ ಸೀದರೆ ಬೈಗುಳ ಮಾತ್ರ ಸಪ್ಲೈಯರ್‌ಗೆ.

ಮೊದಲು ಈ ಟರ್ಮಿನಲ್ ಪರದೆಯೂ ಆಗಿರಲಿಲ್ಲ, ಕಟಕಟ ಸದ್ದಿನ ಟೈಪ್‌ರೈಟರ್ ಜಾತಿಯ ಯಂತ್ರ. 1963ರ ಟೆಲಿಟೈಪ್ 33ರಲ್ಲಿ ನೀವು ಒತ್ತಿದ್ದು ತಂತಿಯಲ್ಲಿ ಹೋಗಿ, ಬೇರೆಲ್ಲೋ ಕೂತ ಕಂಪ್ಯೂಟರಿನ ಉತ್ತರ ಕಾಗದದ ಸುರುಳಿ ಮೇಲೆ ಅಚ್ಚಾಗಿ ಬರುತ್ತಿತ್ತು. ಆಮೇಲೆ ಗಾಜಿನ ಪರದೆ ಬಂತು. 1978ರ ವಿಟಿ100ರಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಆ 80ರ ಲೆಕ್ಕ 1928ರ ಐಬಿಎಂ ತೂತಿನ ಕಾರ್ಡಿನಿಂದ ಬಂದದ್ದು. ಈಗ ಆ ಪೆಟ್ಟಿಗೆಗಳು ಗುಜರಿ ಸೇರಿವೆ, ಅವುಗಳ ವೇಷ ಹಾಕಿದ ತಂತ್ರಾಂಶವಷ್ಟೇ ಉಳಿದಿದೆ. ಲಕ್ಷ ರೂಪಾಯಿಯ ಲ್ಯಾಪ್‌ಟಾಪು ಸತ್ತ ಟೈಪ್‌ರೈಟರಿನ ಮಿಮಿಕ್ರಿ ಮಾಡುತ್ತದೆ. ಅದನ್ನೇ ನಮ್ಮ ಹುಡುಗರು ಹೈಟೆಕ್ ಅನ್ನುತ್ತಾರೆ!

"ಯಾಕ್ಲಾ ಈ ಗೀಟು ಸುಮ್ಕೆ ಮಿಣಮಿಣ ಅಂತದೆ?" ತಾತನ ಮುಂದಿನ ಪ್ರಶ್ನೆ.

"ನಾವು ಹೇಳೋದನ್ನ ಕಾಯ್ತಿದೆ. ಎಂಟರ್ ಒತ್ತೋವರೆಗೂ ಅಲ್ಲಾಡಲ್ಲ."

ತಾತನಿಗೆ ಇದು ಸೇರಲಿಲ್ಲ. ಊರಲ್ಲೇ ಇರುವ ಶಿಂಷಾ ಡ್ಯಾಮಿನ ಸೈಫನ್ ನೋಡಿಕೊಂಡು ಬೆಳೆದವರು ಅವರು. ನೀರು ಮಟ್ಟ ಮೀರಿತೆಂದರೆ ಅದು ಸುಳಿ ಸುತ್ತುತ್ತಾ ಕೊಳವೆಗಿಳಿದು, ಒಳಗಿನ ಗಾಳಿಯನ್ನೆಲ್ಲ ಎಳೆದೊಯ್ದು, ತಾನಾಗಿ ಭೋರ್ಗರೆದು ಹರಿಯುತ್ತದೆ. ಮಟ್ಟ ಇಳಿದಾಗ ಗಾಳಿ ನುಗ್ಗಿ ತಾನಾಗಿ ನಿಲ್ಲುತ್ತದೆ. ಗೇಟು ಎತ್ತುವ ಕೆಲಸವೇ ಇಲ್ಲ. "ನಮ್ಮ ಸೈಫನ್ನಿಗೆ ಯಾರು ಎಂಟರ್ ಒತ್ತವ್ರೆ?" ಅಂದರು. ಹುಡುಗನ ಹತ್ತಿರ ಉತ್ತರವಿರಲಿಲ್ಲ.

ಸೋಲು ಒಪ್ಪದೆ, ತಾತನನ್ನು ಮೆಚ್ಚಿಸಲು ಊರಿನ ಹೆಸರನ್ನೇ ಟೈಪ್ ಮಾಡಿದ. ಅಲ್ಲೇ ಎಡವಿದ್ದು. ನಮ್ಮ ಕಣ್ಣಿಗೆ ಮಾರ್ಕೋನಹಳ್ಳಿ ಐದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸ್ವರಚಿಹ್ನೆ, ಹಲಂತ ಎಲ್ಲ ಸೇರಿ 12. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಚೌಕ ಅಳೆದು ಕಟ್ಟಿದ ಮನೆಯಲ್ಲಿ ಒತ್ತಕ್ಷರ ಎಲ್ಲಿ ನೇತಾಡಬೇಕು? ಎಷ್ಟೋ ಟರ್ಮಿನಲ್‌ಗಳು ಈಗಲೂ ಇಲ್ಲಿ ಒದ್ದಾಡುತ್ತವೆ. ಇವನ ಪರದೆಯಲ್ಲೂ ಅರ್ಕಾವತ್ತು ಕಳಚಿ ಬಿತ್ತು, ಳಕ್ಕೆ ಳ ಒತ್ತು ಕೊಡುವ ಬದಲು ಎರಡೂ ಅಕ್ಕಪಕ್ಕ ಮುನಿಸಿಕೊಂಡು ಕೂತವು.

ತಾತ ಕನ್ನಡಕ ಸರಿ ಮಾಡಿಕೊಂಡು ಓದಿದರು.

"ಕಾಗುಣಿತ ಬರದೋನ ಮುಂದೆ ಕೂತ್ಕೊಂಡು ಬ್ಯಾಂಕು ಬೇರೆ ಹೊಡೀತೀಯಾ? ಎದ್ದು ಎಮ್ಮೆಗೆ ನೀರು ತೋರ್ಸು, ಹೋಗು."