ಸದರಿ ಅಕ್ಷರದ ಓದಿನ ತಾತ್ವಿಕ ನೆಲೆಗಳು: ಒಂದು ಸಮಗ್ರ ಅಧ್ಯಯನ

ಪ್ರಸ್ತುತ ಪ್ರಬಂಧವು ಚೀನಾದಿಂದ ಜಪಾನಿಗೆ ಬಂದ ಕಾಂಜಿ ಲಿಪಿಯ ಐದು ಗೆರೆಗಳ ಒಂದು ಅಕ್ಷರವನ್ನು ಅದರ ಬಹುಮುಖಿ ಆಯಾಮಗಳಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ. ಆರಂಭದಲ್ಲೇ ಒಂದು ಪರಿಭಾಷಾ ಸಂಕಟ. ಅಕ್ಷರವನ್ನು ಹೆಸರು ಹಿಡಿದು ಕರೆಯಬೇಕಾದರೆ ಅದನ್ನು ಓದಬೇಕು. ಹೇಗೆ ಓದಬೇಕೆಂಬುದೇ ಸಂಶೋಧನಾ ಸಮಸ್ಯೆ. ಆದಕಾರಣ ಕಚೇರಿ ಸಂಪ್ರದಾಯದಂತೆ ಅದನ್ನು ‘ಸದರಿ ಅಕ್ಷರ’ ಎಂದು ಕರೆಯಲಾಗಿದೆ. (ಪ್ರೌಢಪ್ರಬಂಧಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ಮಾಡಲ್ಪಡುತ್ತದೆ.)

ಮೊದಲು ಅರ್ಥದ ನೆಲೆ. ಹುಟ್ಟು, ಬದುಕು, ಹಸಿ, ಮೊಳೆ. ಕ್ರಿ.ಶ. 100ರ ಹೊತ್ತಿಗೆ ಚೀನಾದ ಶೂ ಶೆನ್ ತನ್ನ ನಿಘಂಟಿನಲ್ಲಿ ಇದನ್ನು ನೆಲದಿಂದ ಮೇಲೇಳುವ ಗಿಡದ ಚಿತ್ರವೆಂದು ವಿವರಿಸಿದ. ಜಪಾನಿನಲ್ಲಿ ಒಂದನೇ ತರಗತಿಗೆ ಗೊತ್ತುಮಾಡಿರುವ 80 ಅಕ್ಷರಗಳಲ್ಲಿ ಇದೂ ಒಂದು. ಮಕ್ಕಳಿಗೆ ಮೊಳಕೆಯ ಕಥೆ ಸಾಕು. ಆದರೆ ಬರೀ ಮೊಳಕೆಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲವಾದ್ದರಿಂದ ಇದನ್ನು ‘ಊರ್ಧ್ವಮುಖಿ ಜೀವಸಂಜ್ಞಾತ್ಮಕ ಸಂರಚನೆ’ ಎಂದು ಗ್ರಹಿಸಬೇಕಾಗುತ್ತದೆ.

ಇನ್ನು ಓದಿನ ನೆಲೆ. ಚೀನೀ ಉಚ್ಚಾರದಿಂದ ಬಂದ ಓದು ಆನ್-ಯೋಮಿ. ಅದೇ ಅರ್ಥದ ಜಪಾನೀ ಮಾತನ್ನು ಅಕ್ಷರದ ತಲೆಗೆ ಕಟ್ಟಿದರೆ ಕುನ್-ಯೋಮಿ. ಸದರಿ ಅಕ್ಷರದ ಆನ್ ಓದೇ ಎರಡು. ಬೌದ್ಧಧರ್ಮದ ಜೊತೆಗೆ ಮೊದಲು ಬಂದದ್ದು ‘ಶೋ’. ಆಮೇಲೆ ಚೀನಾದ ತಾಂಗ್ ಅರಸರ ರಾಜಧಾನಿಗೆ ಹೋಗಿಬಂದವರು ಅಲ್ಲಿನ ಶಿಷ್ಟ ಉಚ್ಚಾರವೆಂದು ‘ಸೇ’ ತಂದರು. ಅರಮನೆ ಹೊಸದನ್ನು ಹಿಡಿಯಿತು, ಸನ್ಯಾಸಿಗಳು ಹಳೆಯದನ್ನು ಬಿಡಲಿಲ್ಲ. ಹೀಗಾಗಿ ಸೆನ್‌ಸೇ ಎಂದರೆ ಮೇಷ್ಟ್ರು, ಗಕುಸೇ ಎಂದರೆ ವಿದ್ಯಾರ್ಥಿ, ಇಶ್ಶೋ ಎಂದರೆ ಇಡೀ ಜೀವಮಾನ. ಕಲಿಯಲು ಬೇಕಾದ ಅವಧಿಯೂ ಅದೇ.

ಪಂಡಿತರು ಒಂದು ಸೂತ್ರ ಕೊಡುತ್ತಾರೆ: ಅಕ್ಷರ ಜೋಡಿಯಾಗಿ ಬಂದರೆ ಆನ್, ಒಂಟಿಯಾಗಿ ಬಂದರೆ ಕುನ್. ಇದನ್ನು ‘ಯುಗ್ಮ-ಏಕಾಂತ ಪ್ರಮೇಯ’ವೆಂದು ಕರೆಯೋಣ. ಕಚ್ಚಾ ರೇಷ್ಮೆಯ ನೂಲಿಗೆ ‘ಕಿಇತೊ’. ಅಕ್ಷರ ಎರಡು, ಮೊದಲನೆಯದು ಸದರಿ, ಎರಡೂ ಕುನ್. ಪ್ರಮೇಯ ಇಲ್ಲಿಗೆ ತೀರಿಕೊಂಡಿತು. ಆದರೂ ಮುಂದಿನ ಪಠ್ಯಪುಸ್ತಕದಲ್ಲಿ ಅದು ಮತ್ತೆ ಹುಟ್ಟಿರುತ್ತದೆ.

ಕುನ್ ಓದುಗಳನ್ನು ಏಳು ವರ್ಗಗಳಾಗಿ ವಿಂಗಡಿಸಲಾಗಿದೆ. ಒಂದು, ಜೀವನಾತ್ಮಕ: ‘ಇಕಿರು’, ಬದುಕು, ಸಿನಿಮಾ ನಿರ್ದೇಶಕ ಕುರೊಸಾವಾ 1952ರಲ್ಲಿ ಮಾಡಿದ ಚಿತ್ರದ ಹೆಸರು. ಎರಡು, ಜನನಾತ್ಮಕ: ‘ಉಮು’ ಹೆರುವುದು, ‘ಉಮರೆರು’ ಹುಟ್ಟುವುದು. ಮೂರು, ರೋಮಾತ್ಮಕ: ‘ಹಯಾಸು’, ಗಡ್ಡ ಬಿಡುವುದು. ನಾಲ್ಕು, ಅಪಕ್ವಾತ್ಮಕ: ‘ನಮಾ’, ಹಸಿ ಮೀನು, ಹಸಿ ಮೊಟ್ಟೆ, ಪೀಪಾಯಿಯಿಂದ ಹಿಡಿದ ಬಿಯರು. ಪಾನಗೃಹದಲ್ಲಿ ‘ನಮಾ’ ಎಂದಷ್ಟೇ ಹೇಳಿದರೆ ಲೋಟ ಬರುತ್ತದೆ. ಈ ಅಕ್ಷರ ಯಾರಿಗಾದರೂ ಕೂಡಲೇ ಉಪಕಾರ ಮಾಡುವ ಜಾಗ ಅದೊಂದೇ. ಐದನೆಯ ವರ್ಗ ಕಟ್ಟುವಷ್ಟರಲ್ಲಿ ‘ಶಿಬಫು’ ಅಡ್ಡ ಬಂತು. ಹುಲ್ಲುಹಾಸು, ಇಲ್ಲಿ ಅದು ‘ಫು’. ಕ್ಯೋತೊದ ಮಿಬು ಬಡಾವಣೆಯಲ್ಲಿ ‘ಬು’. ಟೋಕಿಯೋ ಪ್ರಾಂತದ ಫುಸ್ಸ ಊರಿನಲ್ಲಿ ‘ಸ್ಸ’. ಉಳಿದ ವರ್ಗಗಳನ್ನು ಕೈಬಿಡಲಾಗಿದೆ.

2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಕಾಂಜಿಗಳ ಸರ್ಕಾರಿ ಪಟ್ಟಿಯಲ್ಲಿ 2,136 ಅಕ್ಷರಗಳಿವೆ. ಸದರಿಯ ಪಾಲಿಗೆ ಅಲ್ಲಿ 12 ಓದು. ಊರು, ಮನುಷ್ಯರ ಹೆಸರುಗಳು ಆ ಪಟ್ಟಿಯ ವ್ಯಾಪ್ತಿಗೆ ಬರುವುದೇ ಇಲ್ಲ. 2008ರಲ್ಲಿ ಪ್ರಧಾನಿಯಾದ ತಾರೊ ಅಸೋ ‘ಅಭೂತಪೂರ್ವ’ ಎಂಬರ್ಥದ ‘ಮಿಝೊಉ’ವನ್ನು ‘ಮಿಝೊಯೂ’ ಎಂದು ಓದಿ ದೇಶಕ್ಕೆಲ್ಲ ನಗೆಪಾಟಲಾದರು. ಅವರ ಮನೆತನದ ಹೆಸರಿನ ಎರಡನೇ ಅಕ್ಷರ ಸದರಿಯೇ, ಅದೂ ಪಟ್ಟಿಯಲ್ಲಿಲ್ಲದ ಓದಿನಲ್ಲಿ. ಅಂಥ ಹೆಸರು ಹೊತ್ತವರು ಎಡವಿದರೆ ನಗುವವರಿಗೇ ನಾಚಿಕೆಯಾಗಬೇಕು.

ಐಸ್ ಸ್ಕೇಟಿಂಗ್‌ನಲ್ಲಿ 2014 ಮತ್ತು 2018ರ ಒಲಿಂಪಿಕ್ ಚಿನ್ನ ಗೆದ್ದ ಯುಝುರು ಹನ್ಯೂ. 1996ರಲ್ಲಿ ಶೋಗಿ ಆಟದ ಏಳೂ ಪಟ್ಟಗಳನ್ನು ಒಟ್ಟಿಗೆ ಹಿಡಿದ ಯೋಶಿಹರು ಹಬು. ಮನೆತನದ ಹೆಸರು ಬರೆಯುವಾಗ ಇಬ್ಬರದೂ ಅವೇ ಎರಡು ಅಕ್ಷರ, ಅದೇ ಕ್ರಮ, ಎರಡನೆಯದು ಸದರಿ. ಓದುವಾಗ ಒಬ್ಬರು ಹನ್ಯೂ, ಒಬ್ಬರು ಹಬು. ಇದಕ್ಕೆ ಯಾವ ಸೂತ್ರವೂ ಇಲ್ಲ, ಅವರನ್ನೇ ಕೇಳಬೇಕು.

ಇದನ್ನು ‘ಬಹುತ್ವದ ಸಂಭ್ರಮ’ ಎಂದು ವಿಚಾರಸಂಕಿರಣಗಳಲ್ಲಿ ಬಣ್ಣಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಭ್ರಮಪಡುವವರು ಕಲಿತು ಮುಗಿಸಿ ಸಂಬಳ ಎಣಿಸುತ್ತಿರುವವರು. ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳ ಮುಂದೆ ಪೆನ್ಸಿಲು ಹಿಡಿದು ಕೂತ ಹುಡುಗಿಗೆ ಯಾವ ಸಂಭ್ರಮವೂ ಇಲ್ಲ. ಅವಳಾದರೂ ಮುಂದಿನ ಸಲ ಬರೆಯಬಹುದು.

2007ರಲ್ಲಿ ಜಪಾನಿನ ಪಿಂಚಣಿ ಇಲಾಖೆಯಲ್ಲಿ ಸುಮಾರು 5 ಕೋಟಿ ದಾಖಲೆಗಳು ಯಾರವೆಂದು ಗೊತ್ತಿಲ್ಲದೆ ಬಿದ್ದಿರುವುದು ಬಯಲಾಯಿತು. ಕಾರಣ ಹಲವು. ಅವುಗಳಲ್ಲೊಂದು, ಕಾಗದದಲ್ಲಿದ್ದ ಕಾಂಜಿ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಉಲಿದಂತೆ ಬರೆಯುವ ಕಾನಾ ಲಿಪಿಗೆ ಊಹೆಯ ಮೇಲೆ ಇಳಿಸಿದ್ದು. ಆ ಕಾನಾದ ಪಟ್ಟಿ ಅ, ಇ, ಉ, ಎ, ಒ ಎಂದು ಶುರುವಾಗುತ್ತದೆ. ಸಂಸ್ಕೃತ ವರ್ಣಮಾಲೆ ಬಲ್ಲ ಬೌದ್ಧ ಪಂಡಿತರ ಕಾಣಿಕೆ. ಹೆಸರಿನ ಪಕ್ಕದಲ್ಲಿ ಅದರಲ್ಲೊಂದು ಸಾಲು ಮೊದಲೇ ಬರೆದುಕೊಂಡಿದ್ದರೆ ಸಾಕಿತ್ತು. ಹಬು ಎಂಬ ಕಾರ್ಖಾನೆ ಕೆಲಸಗಾರನೊಬ್ಬ ಇದ್ದನೆಂದುಕೊಳ್ಳಿ. ಮೂವತ್ತು ವರ್ಷ ಕಂತು ಕಟ್ಟಿದ್ದಾನೆ. ಯಂತ್ರದ ಒಳಗೆ ಅವನು ಹನ್ಯೂ. ಮುಪ್ಪಿನಲ್ಲಿ ಕೌಂಟರಿನ ಮುಂದೆ ನಿಂತಾಗ, ಹಬು ಎಂಬವರು ಏನನ್ನೂ ಕಟ್ಟಿಲ್ಲ ಎಂಬ ಉತ್ತರ. ಅವನು ಯಾವ ತಾತ್ವಿಕ ನೆಲೆಯಲ್ಲಿ ನಿಂತು ವಾದಿಸಬೇಕು? 2007ರ ಮೇಲ್ಮನೆ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು, ಮುಂದೆ ಇಲಾಖೆಯನ್ನೇ ಮುಚ್ಚಿದರು. ಹಳೆಯ ರಶೀದಿ ಹುಡುಕುವ ಕೆಲಸ ಮುದುಕರಿಗೆ ಉಳಿಯಿತು.

ಜಪಾನು ತನ್ನ ಪ್ರಜೆಗಳನ್ನೆಲ್ಲ ಮನೆವಾರು ನೋಂದಾಯಿಸತೊಡಗಿದ್ದು 1872ರಲ್ಲಿ. ಆ ದಾಖಲೆಯಲ್ಲಿ ಹೆಸರಿನ ಜೊತೆಗೆ ಅದರ ಓದನ್ನೂ ಬರೆಯಬೇಕೆಂಬ ಕಾನೂನು ಜಾರಿಗೆ ಬಂದದ್ದು 2025ರ ಮೇ 26ರಂದು.